ತೊಳೆದ ಕೈ ಯಾರದು? ಭಂಗಿ ಅರೆದ ಕಲ್ಲಿನಿಂದ ಸ್ಯಾನಿಟೈಸರ್‌ವರೆಗೆ

(1/10)
ಈ ಸಲದ ಇತಿಹಾಸ ಸರಣಿ ಹತ್ತು ಪೋಸ್ಟ್. ವಿಷಯ ಕೇಳಿ ನಗಬೇಡಿ: ಗಾಂಜಾ ಗಿಡವನ್ನು ಅರೆಯೋ, ತುಳಿಯೋ, ಸೋಸೋ ಸಾಮಾನುಗಳನ್ನು ಜನ ಹೇಗೆ ತೊಳೆದರು ಅನ್ನೋದರ ಕಥೆ.

ಮೊದಲೇ ಹೇಳಿಬಿಡ್ತೀನಿ. ಇದು ಬಳಸಿ ಅಂತ ಹೇಳೋ ಪೋಸ್ಟ್ ಅಲ್ಲ. 1985ರ ಎನ್‌ಡಿಪಿಎಸ್ ಕಾಯ್ದೆ ಪ್ರಕಾರ ಗಾಂಜಾ ಇಟ್ಟುಕೊಳ್ಳೋದು, ಮಾರೋದು, ಸೇದೋದು ಅಪರಾಧ. ಜೈಲು ಇದೆ. ನಮ್ಮ ವಯಸ್ಸಿನವರ ತಲೆಗೆ ಅದು ಮಾಡೋ ಹಾನಿಯ ಬಗ್ಗೆ ಡಾಕ್ಟರುಗಳು ಹೇಳ್ತಾನೇ ಇದ್ದಾರೆ. ಅದನ್ನ ಪಕ್ಕಕ್ಕಿಟ್ಟು ಈ ಸರಣಿ ಓದಬೇಡಿ.

ಹಾಗಾದ್ರೆ ಈ ವಿಷಯ ಯಾಕೆ? ಪೇಪರಿನಲ್ಲಿ ಗಾಂಜಾ ಅಂದ್ರೆ ಬರೋದು ಎರಡೇ ಸುದ್ದಿ. ಇಷ್ಟು ಕೆಜಿ ಹಿಡಿದರು, ಇಷ್ಟು ಜನರನ್ನ ಬಂಧಿಸಿದರು. ಆದರೆ ಯಾವ ಸೊಪ್ಪನ್ನೇ ಅರೆಯಿರಿ, ಕಲ್ಲಿನ ಮೇಲೆ ಏನೋ ಒಂದಷ್ಟು ಉಳಿಯುತ್ತೆ. ಆ ಉಳಿದಿದ್ದನ್ನ ಯಾರೋ ಒಬ್ಬರು ತೊಳೀಬೇಕು. ಸಾವಿರಾರು ವರ್ಷ ಈ ಗಿಡವನ್ನು ಮನುಷ್ಯ ಬಳಸಿದ್ದಾನೆ ಅಂದ್ರೆ, ಸಾವಿರಾರು ವರ್ಷ ಯಾರೋ ತೊಳೆದಿದ್ದಾರೆ. ಅವರು ಯಾರು? ಏನು ಹಾಕಿ ತೊಳೆದರು? ಅವರ ಕೈ ಏನಾಯ್ತು?

ಇನ್ನೊಂದು ಮಾತು ಈಗಲೇ ತಲೇಲಿಟ್ಟುಕೊಳ್ಳಿ, ಕೊನೇವರೆಗೂ ಬೇಕಾಗುತ್ತೆ. ತೊಳೆಯೋದು ಬೇರೆ, ಸ್ಯಾನಿಟೈಸ್ ಮಾಡೋದು ಬೇರೆ. ತೊಳೆದರೆ ಕಣ್ಣಿಗೆ ಕಾಣೋ ಕೊಳೆ ಹೋಗುತ್ತೆ. ಸ್ಯಾನಿಟೈಸ್ ಮಾಡಿದರೆ ಕಣ್ಣಿಗೆ ಕಾಣದ ಸೂಕ್ಷ್ಮಜೀವಿ ಕಡಿಮೆಯಾಗುತ್ತೆ. ಮೊದಲನೇದು ನಮಗೆ ತುಂಬಾ ಹಳೇ ವಿದ್ಯೆ. ಎರಡನೇದು ನೂರೈವತ್ತು ವರ್ಷದ ಈಚೆಯದ್ದು.

(2/10) ಆ ಅಂಟು ಏನು?
ಒಂದೇ ಗಿಡ, ಮೂರು ಹೆಸರು. ಎಲೆಯಿಂದ ಬಂದರೆ ಭಂಗಿ ಅಥವಾ ಭಾಂಗ್. ಹೆಣ್ಣು ಗಿಡದ ಹೂವಿನ ತುದಿಯಿಂದ ಬಂದರೆ ಗಾಂಜಾ. ಆ ಹೂವು, ಎಲೆಯ ಮೇಲೆ ಒಸರೋ ಅಂಟನ್ನೇ ಬೇರೆ ಮಾಡಿದರೆ ಚರಸ್. ನಮ್ಮ ಹಳ್ಳಿಗಳ ಕಡೆ ಹಿರಿಯರು ಇಡೀ ಗಿಡಕ್ಕೇ ಭಂಗಿ ಗಿಡ, ಭಂಗಿ ಸೊಪ್ಪು ಅಂತಾರೆ.

ಕಥೆಯೆಲ್ಲಾ ಇರೋದು ಆ ಅಂಟಿನಲ್ಲಿ. ಹಲಸಿನ ಹಣ್ಣು ಬಿಡಿಸಿದವರಿಗೆ ಇದನ್ನ ವಿವರಿಸಬೇಕಾಗಿಲ್ಲ. ಹಲಸಿನ ಮೇಣ ನೀರಿಗೆ ಬಗ್ಗುತ್ತಾ? ಇಲ್ಲ. ಅದಕ್ಕೇ ಅಜ್ಜಿಯಂದಿರು ಮೊದಲೇ ಕೈಗೂ ಚಾಕುವಿಗೂ ಎಣ್ಣೆ ಸವರಿಕೊಳ್ತಾರೆ. ಭಂಗಿ ಗಿಡದ ಅಂಟೂ ಅದೇ ಜಾತಿ ಅಲ್ಲದಿದ್ದರೂ ಅದೇ ಸ್ವಭಾವ. ನೀರಲ್ಲಿ ಕರಗಲ್ಲ, ಎಣ್ಣೆ, ತುಪ್ಪ, ಮದ್ಯಸಾರದಲ್ಲಿ ಕರಗುತ್ತೆ.

ಇದಕ್ಕೆ ಕಾರಣ ಕೆಮಿಸ್ಟ್ರಿ ಕ್ಲಾಸಿನಲ್ಲಿ ಓದಿದ್ದೇ. ನೀರಿಗೆ ನೀರಿನಂಥದ್ದು ಸೇರುತ್ತೆ, ಜಿಡ್ಡಿಗೆ ಜಿಡ್ಡಿನಂಥದ್ದು. ಅಮಲು ಕೊಡುವ ಟಿಎಚ್‌ಸಿ ಅನ್ನೋ ವಸ್ತು ಜಿಡ್ಡಿನ ಕಡೆಯದ್ದು. ಅದನ್ನು ಶುದ್ಧ ರೂಪದಲ್ಲಿ ಬೇರ್ಪಡಿಸಿ ಅದರ ರಚನೆ ಹೇಳಿದ್ದು ಇಸ್ರೇಲಿನ ರಫಾಯೆಲ್ ಮೆಕೂಲಮ್ ಮತ್ತು ಯೆಹಿಯೆಲ್ ಗಾವೋನಿ, 1964ರಲ್ಲಿ. ಆದರೆ ಹೆಸರು ಗೊತ್ತಿಲ್ಲದಿದ್ದರೂ ಸ್ವಭಾವ ಜನಕ್ಕೆ ಗೊತ್ತಿತ್ತು. ಭಾಂಗನ್ನ ಹಾಲಲ್ಲಿ ಕದಡೋದು, ತುಪ್ಪದಲ್ಲಿ ಹುರಿಯೋದು ಸುಮ್ಮನೆ ರುಚಿಗಲ್ಲ. ಹಾಲಲ್ಲೂ ತುಪ್ಪದಲ್ಲೂ ಇರೋ ಕೊಬ್ಬು ಆ ಅಂಟನ್ನ ಹಿಡ್ಕೊಳ್ಳುತ್ತೆ.

ಈಗ ಇದನ್ನ ತೊಳೆಯೋರ ಕಡೆಯಿಂದ ಯೋಚನೆ ಮಾಡಿ. ಕಲ್ಲಿನ ಸಣ್ಣ ಸಣ್ಣ ತೂತಿನಲ್ಲಿ ಕೂತ ಅಂಟು ಬರೀ ನೀರಿಗೆ ಬರಲ್ಲ. ಹಾಗಾದ್ರೆ ಸೋಪು ಇಲ್ಲದ ಕಾಲದಲ್ಲಿ ಏನು ಮಾಡಿದರು?

(3/10) ಬೂದಿ, ಅಂಟುವಾಳ, ಉಪ್ಪು
ಉತ್ತರ ಭಾರತದಲ್ಲಿ ಹೋಳಿ, ಶಿವರಾತ್ರಿಗೆ ಭಾಂಗ್ ಅರೆಯೋ ಪದ್ಧತಿ ಇದೆ. ಸೊಪ್ಪನ್ನ ತೊಳೆದು, ನೆನೆಸಿ, ಮೆಣಸಿನ ಕಾಳು ಗಿಳು ಸೇರಿಸಿ ಕಲ್ಲಿನ ಮೇಲೆ ನುಣ್ಣಗೆ ಅರೆದು, ಬಟ್ಟೇಲಿ ಸೋಸ್ತಾರೆ. ಮೂರೇ ಸಾಮಾನು: ಅರೆಯೋ ಕಲ್ಲು, ಪಾತ್ರೆ, ಬಟ್ಟೆ. ಎಲ್ಲಾ ಅಡುಗೆಮನೆಯವೇ. ಹಾಗಾಗಿ ತೊಳೆಯೋ ವಿದ್ಯೆಯೂ ಅಡುಗೆಮನೆಯದ್ದೇ.

ನಮ್ಮ ಮನೆಗಳಲ್ಲಿ ಮುಸುರೆ ತಿಕ್ಕೋಕೆ ಏನಿತ್ತು ಅಂತ ಅಜ್ಜಿಯನ್ನ ಕೇಳಿ. ಒಲೆ ಬೂದಿ, ತೆಂಗಿನ ನಾರು, ಹುಣಸೆಹಣ್ಣು, ಅಂಟುವಾಳ, ಸೀಗೆಪುಡಿ. ಬೂದಿ ಸುಮ್ಮನೆ ಉಜ್ಜೋಕೆ ಅಂದ್ಕೋಬೇಡಿ. ಕಟ್ಟಿಗೆ ಬೂದೀಲಿ ಕ್ಷಾರ ಇದೆ. ಆ ಕ್ಷಾರ ಜಿಡ್ಡಿನ ಜೊತೆ ಸೇರಿ ಅದನ್ನ ನೀರಲ್ಲಿ ಹೋಗೋ ಹಾಗೆ ಮಾಡುತ್ತೆ. ಸೋಪು ಮಾಡೋದೂ ಅದೇ ಲೆಕ್ಕದಲ್ಲಿ. ಅಂಟುವಾಳದಲ್ಲಿ ಸಪೋನಿನ್ ಅನ್ನೋ ನೊರೆ ಬರೋ ವಸ್ತು ಇದೆ, ಅದು ಜಿಡ್ಡನ್ನ ಸುತ್ತುವರಿದು ಎಬ್ಬಿಸುತ್ತೆ. ಅಗಸರು ಬಟ್ಟೆಗೆ ಬಳಸ್ತಿದ್ದ ಚೌಳು ಮಣ್ಣೂ ಕ್ಷಾರವೇ.

ಈಗ ನಮ್ಮ ಊರಿಗೆ ಬರೋಣ. ಉಪ್ಪಾರಹಳ್ಳಿ. ಹೆಸರಲ್ಲೇ ಉಪ್ಪಾರರಿದ್ದಾರೆ. ಉಪ್ಪಾರರ ಹಳೇ ಕಸುಬು ಮಣ್ಣಿನಿಂದ ಉಪ್ಪು ತೆಗೆಯೋದು. ಉಪ್ಪಿನ ಅಂಶದ ಮಣ್ಣನ್ನ ಕೆರೆದು ತಂದು, ಅದರ ಮೇಲೆ ನೀರು ಹಾಯಿಸಿ, ಕೆಳಗೆ ಬಸಿದ ಉಪ್ಪುನೀರನ್ನ ಬಿಸಿಲಿಗಿಟ್ಟೋ ಕಾಯಿಸಿಯೋ ಉಪ್ಪು ಮಾಡ್ತಿದ್ದರು. ಕರಾವಳಿಯ ಉಪ್ಪು, ಆಮೇಲೆ ರೈಲು ಬಂದ ಮೇಲೆ ಅಗ್ಗದ ಉಪ್ಪು ಒಳನಾಡಿಗೆ ಹರಿದಾಗ ಈ ಕಸುಬು ಸೊರಗಿತು. ಕಟ್ಟಡದ ಕೆಲಸ, ವ್ಯವಸಾಯಕ್ಕೆ ಹೋದರು. ಊರಿನ ಹೆಸರಲ್ಲಿ ಮಾತ್ರ ಉಪ್ಪು ಉಳಿಯಿತು.

ಕಲ್ಲುಪ್ಪಿಗೂ ನಮ್ಮ ವಿಷಯಕ್ಕೂ ಸಂಬಂಧ ಇದೆ. ಒರಳು, ಮಿಕ್ಸಿ ಜಾರಿನ ವಾಸನೆ ಹೋಗೋಕೆ ಕಲ್ಲುಪ್ಪು ಹಾಕಿ ಒಂದು ಸುತ್ತು ತಿರುಗಿಸೋದು ಎಷ್ಟೋ ಮನೇಲಿ ಉಂಟು. ಇವತ್ತು ಗಾಂಜಾ ಕಾನೂನುಬದ್ಧವಾದ ದೇಶಗಳಲ್ಲಿ ಅಂಟು ಹಿಡಿದ ಗಾಜಿನ ಕೊಳವೆ ತೊಳೆಯೋದೂ ಆಲ್ಕೋಹಾಲ್ ಜೊತೆ ಕಲ್ಲುಪ್ಪು ಹಾಕಿ ಕುಲುಕಿ. ಆಲ್ಕೋಹಾಲ್ ಅಂಟನ್ನ ಕರಗಿಸುತ್ತೆ. ಗಟ್ಟಿ ಆಲ್ಕೋಹಾಲಲ್ಲಿ ಉಪ್ಪು ಅಷ್ಟಾಗಿ ಕರಗಲ್ಲ, ಹರಳು ಹರಳಾಗೇ ಉಳಿದು ಮೂಲೆ ಮೂಲೆ ಉಜ್ಜುತ್ತೆ. ಕಾರಣ ಕೆಮಿಸ್ಟ್ರಿ, ಕೆಲಸ ಅಜ್ಜಿಯದ್ದೇ.

(4/10) ಔಷಧಿ ಮನೆಯ ಶುದ್ಧಿ
ಆಯುರ್ವೇದದಲ್ಲಿ ಭಂಗಿ ಔಷಧಿಯೂ ಹೌದು, ವಿಷದ ಪಟ್ಟಿಯಲ್ಲಿರೋ ದ್ರವ್ಯವೂ ಹೌದು. ಜಾತೀಫಲಾದಿ ಚೂರ್ಣದಂಥ ಔಷಧಿಗಳಲ್ಲಿ ಅದು ಬರುತ್ತೆ. ಆದರೆ ಗಿಡದಿಂದ ಕಿತ್ತು ನೇರವಾಗಿ ಹಾಕೋ ಹಾಗಿಲ್ಲ. ಮೊದಲು ಶೋಧನೆ ಆಗಬೇಕು.

ಒಂದು ಕ್ರಮ ಹೀಗಿದೆ. ಎಲೆಯನ್ನ ಬಟ್ಟೆಗಂಟಿನಲ್ಲಿ ಕಟ್ಟಿ, ನೀರಲ್ಲಿ ಅದ್ದಿ ಹಿಂಡ್ತಾ ಹೋಗೋದು. ಹಸಿರು ಬಣ್ಣ ಬಿಡೋದು ನಿಲ್ಲೋವರೆಗೆ. ಆಮೇಲೆ ಒಣಗಿಸಿ ಹಸುವಿನ ತುಪ್ಪದಲ್ಲಿ ಸಣ್ಣ ಉರಿಯಲ್ಲಿ ಹುರಿಯೋದು. ಇನ್ನೊಂದು ಕ್ರಮದಲ್ಲಿ ದೋಲಾ ಯಂತ್ರ ಬಳಸ್ತಾರೆ. ಯಂತ್ರ ಅಂದ ತಕ್ಷಣ ಮೋಟಾರು ಅಂದ್ಕೋಬೇಡಿ. ಒಂದು ಮಡಕೆಗೆ ಅರ್ಧ ಹಾಲು ಹಾಕಿ, ಬಾಯಿಗೆ ಅಡ್ಡಲಾಗಿ ಕಡ್ಡಿ ಇಟ್ಟು, ಅದಕ್ಕೆ ಗಂಟನ್ನ ಉಯ್ಯಾಲೆ ಥರ ತೂಗುಬಿಟ್ಟು ಬೇಯಿಸೋದು. ಅರೆಯೋಕೆ ದೋಣಿಯಾಕಾರದ ಅಥವಾ ದುಂಡನೆಯ ಕಲ್ಲಿನ ಖಲ್ವ.

ಗಮನಿಸಿ, ಇಲ್ಲಿ ಶುದ್ಧಿ ಅನ್ನೋದು ಮೂಲಿಕೆಗೆ. ನೀರಲ್ಲಿ ಕರಗೋದೆಲ್ಲಾ ಹೋಗುತ್ತೆ, ಅಂಟು ಬಹುಪಾಲು ಉಳಿಯುತ್ತೆ, ತುಪ್ಪ ಅದನ್ನ ಹಿಡಿದುಕೊಳ್ಳುತ್ತೆ. ಇದು ಸೂಕ್ಷ್ಮವಾದ ತಿಳುವಳಿಕೆ, ಸಂಶಯವೇ ಇಲ್ಲ. ಆದರೆ ಆ ಹಿಂಡಿದ ಬಟ್ಟೆ, ತುಪ್ಪ ಹಿಡಿದ ಬಾಣಲೆ, ಹಾಲು ಅಂಟಿದ ಮಡಕೆ ಉಳಿಯುತ್ತಲ್ಲ? ಒಂದೇ ಖಲ್ವದಲ್ಲಿ ಬೆಳಿಗ್ಗೆ ಭಂಗಿ, ಮಧ್ಯಾಹ್ನ ಮಗುವಿನ ಔಷಧಿ ಅರೆದರೆ ಏನಾಗುತ್ತೆ? ಒಳ್ಳೇ ವೈದ್ಯನಿಗೆ ಇದು ಗೊತ್ತು. ಕಲ್ಲು ತೊಳೆಯೋ ಸಹಾಯಕನಿಗೆ ಇನ್ನೂ ಚೆನ್ನಾಗಿ ಗೊತ್ತು. ಆದರೆ ಗ್ರಂಥದಲ್ಲಿ ಉಳಿಯೋದು ವೈದ್ಯನ ಹೆಸರು.

(5/10) ಚರ್ಮವೇ ಸಾಮಾನು
1839. ಕಲ್ಕತ್ತಾ. ವಿಲಿಯಂ ಬ್ರೂಕ್ ಓಶಾಗ್ನೆಸ್ಸಿ ಅನ್ನೋ ಐರಿಷ್ ಡಾಕ್ಟರ್, ಕಲ್ಕತ್ತಾ ಮೆಡಿಕಲ್ ಕಾಲೇಜಿನ ಪ್ರೊಫೆಸರ್, ಗಾಂಜಾ ಬಗ್ಗೆ ಒಂದು ಪ್ರಬಂಧ ಮಂಡಿಸಿದ. ಮುಂದೆ ಇದೇ ಮನುಷ್ಯ ಭಾರತಕ್ಕೆ ಟೆಲಿಗ್ರಾಫ್ ತಂತಿ ಎಳೆಸಿದವನು. ಯುರೋಪಿನ ವೈದ್ಯರಿಗೆ ಈ ಗಿಡವನ್ನ ಔಷಧಿಯಾಗಿ ಪರಿಚಯ ಮಾಡಿಸಿದ್ದರಲ್ಲಿ ಅವನ ಪಾಲು ದೊಡ್ಡದು. ಅಂಟು ಮದ್ಯಸಾರದಲ್ಲಿ ಚೆನ್ನಾಗಿ ಕರಗುತ್ತೆ ಅಂತ ಬರೆದು, ಹೂವಿನ ತುದಿಗಳನ್ನ ಸ್ಪಿರಿಟ್‌ನಲ್ಲಿ ಕುದಿಸಿ ಸಾರ ತೆಗೆದ. ಅಂದ್ರೆ ಇವತ್ತು ಮೆಷಿನ್ ತೊಳೆಯೋಕೆ ಬಳಸೋ ದ್ರವದ ಗುಣ ಆಗಲೇ ಕಾಗದದ ಮೇಲೆ ಬಂದಿತ್ತು.

ಆ ಪ್ರಬಂಧದಲ್ಲಿ ಇನ್ನೊಂದು ವಿವರ ಇದೆ. ಅದನ್ನ ಓದಿದ ಮೇಲೇ ಈ ಸರಣಿ ಬರೀಬೇಕು ಅನ್ನಿಸಿದ್ದು. ಮಧ್ಯ ಭಾರತ, ಸಾಗರ್ ಪ್ರದೇಶ, ನೇಪಾಳದಲ್ಲಿ ಚರಸ್ ಹೇಗೆ ಕೂಡಿಸ್ತಾರೆ ಅಂತ ಅವನು ಹೇಳ್ತಾನೆ. ತೊಗಲಿನ ಬಟ್ಟೆ ಹಾಕಿಕೊಂಡ ಆಳುಗಳು ಗಿಡಗಳ ನಡುವೆ ಜೋರಾಗಿ ಮೈ ಉಜ್ಜಿಕೊಂಡು ಓಡಬೇಕು. ಅಂಟು ತೊಗಲಿಗೆ ಹಿಡಿಯುತ್ತೆ. ಆಮೇಲೆ ಅದನ್ನ ಕೆರೆದು ಉಂಡೆ ಕಟ್ಟೋದು. ನೇಪಾಳದಲ್ಲಿ ತೊಗಲೂ ಇಲ್ಲ, ಕೂಲಿಗಳ ಬರಿಮೈಗೇ ಅಂಟು ಹಿಡಿಸ್ತಾರೆ ಅಂತ ಮತ್ತೊಬ್ಬ ಡಾಕ್ಟರ್ ತನಗೆ ತಿಳಿಸಿದ್ದಾಗಿ ಸೇರಿಸ್ತಾನೆ.

ಒಂದು ನಿಮಿಷ ನಿಲ್ಲಿ. ಬಿರುಬೇಸಿಗೆ. ಮೈಮೇಲೆಲ್ಲಾ ಅಂಟು. ಅದನ್ನ ಕೆರೆದು ತೆಗೆಯೋದೇ ಕೊಯ್ಲು. ಇಲ್ಲಿ ಸಾಮಾನು ಅಂದ್ರೆ ಮನುಷ್ಯನ ಚರ್ಮ. ಸಾಮಾನು ಸ್ವಚ್ಛ ಮಾಡಿದಷ್ಟೂ ಮಾಲೀಕನಿಗೆ ಮಾಲು. ಕೆರೆದಾದ ಮೇಲೆ ಉಳಿದ ಅಂಟು ಮಾತ್ರ ಕೂಲಿಯವನ ತಲೆನೋವು. ಎಣ್ಣೆ ಹಚ್ಚಿ ಮಿಂದನೋ, ಬೂದಿ ಉಜ್ಜಿಕೊಂಡನೋ, ಆ ಸಾಲುಗಳಲ್ಲಿ ಅದಕ್ಕೆ ಜಾಗ ಸಿಕ್ಕಿಲ್ಲ.

(6/10) ಪಾದಗಳ ಕಾರ್ಖಾನೆ
1893ರಲ್ಲಿ ಬ್ರಿಟಿಷ್ ಸಂಸತ್ತಿನಲ್ಲಿ ಪಾನನಿರೋಧದ ಪರ ಇದ್ದ ವಿಲಿಯಂ ಕೇನ್ ಗಾಂಜಾ ಪ್ರಶ್ನೆ ಎತ್ತಿದ. ಅದೇ ವರ್ಷ ಇಂಡಿಯನ್ ಹೆಂಪ್ ಡ್ರಗ್ಸ್ ಕಮಿಷನ್ ನೇಮಕವಾಯ್ತು. ಅಧ್ಯಕ್ಷ ಮ್ಯಾಕ್‌ವರ್ತ್ ಯಂಗ್. ಏಳು ಜನ ಸದಸ್ಯರು, ಅದರಲ್ಲಿ ಮೂವರು ಭಾರತೀಯರು. 1,193 ಸಾಕ್ಷಿಗಳು. 1894ರ ವರದಿ ಮೂರು ಸಾವಿರಕ್ಕೂ ಹೆಚ್ಚು ಪುಟ. ಮಿತವಾದ ಬಳಕೆಯಿಂದ ದೊಡ್ಡ ಹಾನಿಯಿಲ್ಲ, ಪೂರ್ತಿ ನಿಷೇಧ ಬೇಡ, ತೆರಿಗೆ ಮತ್ತು ಲೈಸೆನ್ಸ್‌ನಿಂದ ಹದ್ದುಬಸ್ತಿನಲ್ಲಿಡಿ ಅಂತ ಅದರ ತೀರ್ಮಾನ. ಸರ್ಕಾರಕ್ಕೆ ಆದಾಯ ಬರೋ ಬಾಬತ್ತು ಅದು, ಮರೀಬೇಡಿ.

ಗಾಂಜಾ ಹೇಗೆ ತಯಾರಾಗುತ್ತೆ ಅನ್ನೋ ವಿವರ ಈ ವರದೀಲಿ ಸಿಗುತ್ತೆ. ಬಂಗಾಳದ ರಾಜಶಾಹಿ ಜಿಲ್ಲೆಯ ನೌಗಾಂವ್, ಈಗ ಬಾಂಗ್ಲಾದೇಶದಲ್ಲಿದೆ, ಆಗ ಅದು ಗಾಂಜಾ ಬೆಳೆಯ ದೊಡ್ಡ ಕೇಂದ್ರ. ಕೊಯ್ದ ಗಿಡವನ್ನ ಬಿಸಿಲಿಗೆ ಹರಡಿ, ಬರಿಗಾಲಲ್ಲಿ ತುಳಿದು ತುಳಿದು ಚಪ್ಪಟೆ ಮಾಡಿದರೆ ಚಪ್ಪಟೆ ಗಾಂಜಾ. ಚಾಪೆ ಮೇಲಿಟ್ಟು ಪಾದದಡಿ ಹೊರಳಿಸಿದರೆ ಗುಂಡು ಗಾಂಜಾ. ಉದುರಿದ ಪುಡಿಗೆ ಚೂರ್ ಅಂತ ಹೆಸರು. ಬಾಂಬೆ ಪ್ರಾಂತ್ಯದಲ್ಲಿ ಅಹ್ಮದ್‌ನಗರ ಈ ಬೆಳೆಗೆ ಹೆಸರಾಗಿತ್ತು. ನಮ್ಮ ಧಾರವಾಡ, ಬೆಳಗಾವಿ, ವಿಜಯಪುರ ಆಗ ಅದೇ ಪ್ರಾಂತ್ಯದಲ್ಲಿದ್ದವು.

ತುಳಿಯೋದು ಯಾಕೆ? ಅಂಟು ಹೂವಿಗೆ ಹೂವನ್ನ ಕೂಡಿಸಿ ಗಟ್ಟಿ ಮಾಡಲಿ ಅಂತ. ಕಬ್ಬಿಗೆ ಗಾಣ ಇತ್ತು, ಎಣ್ಣೆಗೆ ಗಾಣ ಇತ್ತು. ಇಲ್ಲಿ ಗಾಣ ಅಂದ್ರೆ ಪಾದ. ಗಾಣವನ್ನ ತೊಳೀತಾರೆ, ಎಣ್ಣೆ ಹಾಕ್ತಾರೆ, ರಿಪೇರಿ ಮಾಡ್ತಾರೆ. ಪಾದಕ್ಕೆ?

ಕಮಿಷನ್ನಿನ ತಲೆಬಿಸಿ ಬೇರೆ ಇತ್ತು. ಸೇದಿದವನಿಗೆ ಹುಚ್ಚು ಹಿಡಿಯುತ್ತಾ, ಅವನು ಅಪರಾಧ ಮಾಡ್ತಾನಾ, ತೆರಿಗೆ ಎಷ್ಟು ಹಾಕಬಹುದು? ಹುಚ್ಚಾಸ್ಪತ್ರೆಯ ದಾಖಲೆಗಳನ್ನ ಒಂದೊಂದಾಗಿ ತೆಗೆದು ಪರೀಕ್ಷೆ ಮಾಡಿದರು, ಅದು ಮೆಚ್ಚಬೇಕಾದ ಕೆಲಸವೇ. ಆದರೆ ವಿಚಾರಣೆಯ ನಡುವೆ ನಿಂತವನು ಸೇದುವವನು. ತುಳಿಯುವವನು ತಯಾರಿಕೆಯ ವಿವರಣೆಯಲ್ಲಿ ಬಂದು ಹೋಗ್ತಾನೆ, ಅಷ್ಟೇ.

(7/10) ಚಿಲುಮೆ, ಸಾಫಿ, ಎಂಜಲು
ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕು, ಕೃಷ್ಣಾ ದಡದ ತಿಂಥಣಿ. ಅಲ್ಲಿ ಮೌನೇಶ್ವರರ ಕ್ಷೇತ್ರ ಇದೆ. ಹಿಂದೂ ಮುಸ್ಲಿಂ ಇಬ್ಬರೂ ನಡಕೊಳ್ಳೋ ಜಾಗ. ಅಲ್ಲಿನ ಜಾತ್ರೆಯಲ್ಲಿ ಗಾಂಜಾ ಪ್ರಸಾದದ ರೂಪದಲ್ಲಿ ಸಿಗೋ ಪದ್ಧತಿ ಬಗ್ಗೆ, ಉತ್ತರ ಕರ್ನಾಟಕದ ಕೆಲವು ಅವಧೂತ, ಶರಣ ಪರಂಪರೆಗಳಲ್ಲಿ ಅದು ಧ್ಯಾನಕ್ಕೆ ಅಂತ ಬಳಕೆಯಲ್ಲಿರೋ ಬಗ್ಗೆ 2020ರಲ್ಲಿ ಪತ್ರಿಕೆಗಳು ಬರೆದವು. ನಂಬಿಕೆ ಸರಿಯೋ ತಪ್ಪೋ ಅನ್ನೋ ಜಗಳ ನನ್ನದಲ್ಲ. ನನ್ನ ಕಣ್ಣು ಆ ಸಾಮಾನಿನ ಮೇಲೆ.

ಸಾಧುಗಳು ಬಳಸೋ ಚಿಲುಮೆ ಮಣ್ಣಿನ ಕೊಳವೆ. ಒಳಗೆ ಒಂದು ಸಣ್ಣ ಕಲ್ಲು, ಕೆಳತುದಿಗೆ ಸುತ್ತೋ ಒದ್ದೆ ಬಟ್ಟೆ ಚೂರು. ಆ ಬಟ್ಟೆಗೆ ಹೆಸರು ಸಾಫಿ. ಸಾಫ್ ಅಂದ್ರೆ ಸ್ವಚ್ಛ, ಅದೇ ಪದ. ಹೊಗೆ ತಂಪಾಗಲಿ, ಬೂದಿ ಬಾಯಿಗೆ ಬರದಿರಲಿ ಅಂತ ಬಟ್ಟೆ. ಸೇದಿದ ಮೇಲೆ ಬಟ್ಟೆಯ ಪಟ್ಟಿಯನ್ನ ಕೊಳವೆಯೊಳಗೆ ತೂರಿಸಿ, ಹಿಂದೆ ಮುಂದೆ ಎಳೆದು ಕಪ್ಪು ಅಂಟು ತೆಗೀತಾರೆ. ಚಿಲುಮೆಯನ್ನ ತುಟಿಗೆ ನೇರವಾಗಿ ತಾಗಿಸದೆ ಕೈಮುಷ್ಟಿ ಮಾಡಿ ಸೇದೋ ರೂಢಿಯೂ ಇದೆ. ಎಂಜಲು ಆಗಬಾರದು ಅನ್ನೋ ಎಚ್ಚರ ಅಲ್ಲಿ ಕಾಣುತ್ತೆ.

ಎಂಜಲು, ಮುಸುರೆ, ಮೈಲಿಗೆ. ನಮ್ಮ ಭಾಷೇಲಿ ಕೊಳೆಗೆ ಎಷ್ಟು ಹೆಸರು ನೋಡಿ. ಎಂಜಲಿನ ಲೆಕ್ಕ ಎಷ್ಟೋ ಸಲ ರೋಗದಿಂದ ಕಾಪಾಡಿದೆ. ಆದರೆ ಮೈಲಿಗೆಯ ಲೆಕ್ಕ ಮನುಷ್ಯರನ್ನೇ ಕೊಳೆ ಅಂತ ದೂರ ಇಟ್ಟಿದೆ. ಅದೇ ಬಾಯಲ್ಲಿ ಎರಡೂ ಮಾತು. ತಮಾಷೆ ಏನು ಗೊತ್ತಾ? ಕೊಳೆ ತೊಳೆಯೋ ಕೆಲಸವನ್ನ ಅವರಿಗೇ ವಹಿಸಿದ್ದೂ ಇದೇ ಸಮಾಜ.

ಇತ್ತ 1882ರ ಮಾರ್ಚ್ 24ರಂದು ಬರ್ಲಿನ್‌ನಲ್ಲಿ ರಾಬರ್ಟ್ ಕಾಖ್ ಕ್ಷಯರೋಗಕ್ಕೆ ಒಂದು ಬ್ಯಾಕ್ಟೀರಿಯಾ ಕಾರಣ ಅಂತ ತೋರಿಸಿದ. ಕಣ್ಣಿಗೆ ಕಾಣೋ ಅಂಟು ತೆಗೆದರೆ ಸಾಲದು, ಕಾಣದ್ದೂ ಒಂದಿದೆ ಅಂತ ಜಗತ್ತಿಗೆ ಗಟ್ಟಿಯಾಗಿ ತಿಳಿದ ಕಾಲ ಅದು. ಒಂದೇ ಒದ್ದೆ ಬಟ್ಟೆ, ಹತ್ತು ಜನರ ಉಸಿರು. ನೋಡೋಕೆ ಸಾಫ್, ಆದರೆ ಸೋಂಕು ಮುಕ್ತ ಅಲ್ಲ.

(8/10) ಪ್ಲೇಗು ಕಲಿಸಿದ ಪಾಠ
ನಮ್ಮ ಕಡೆ ಸೋಂಕು ನಿವಾರಣೆ ಅನ್ನೋದು ಮನೆಬಾಗಿಲಿಗೆ ಬಂದಿದ್ದು ಪ್ಲೇಗಿನ ಜೊತೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಮನೆ ಖಾಲಿ ಮಾಡಿಸೋದು, ಗೋಡೆಗೆ ಔಷಧಿ ಹೊಡೆಸೋದು, ಬಟ್ಟೆಬರೆ ಸುಡೋದು. ಗಾಳಿ ಬೆಳಕಿನ ಬಡಾವಣೆ ಬೇಕು ಅಂತ ಮಲ್ಲೇಶ್ವರ, ಬಸವನಗುಡಿ ಬೆಳೆದವು. ಜನ ಪ್ಲೇಗಮ್ಮನ ಗುಡಿ ಕಟ್ಟಿದರು. ಭಯದ ಜೊತೆಗೇ ಕಾರ್ಬಾಲಿಕ್ ವಾಸನೆಯೂ ನೆನಪಲ್ಲಿ ಉಳಿಯಿತು. 1910ರ ದಶಕದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಸೋಪ್ ಕಾರ್ಖಾನೆ ಶುರುವಾಯ್ತು. ಮೈಸೂರು ಸ್ಯಾಂಡಲ್ ಹುಟ್ಟಿದ್ದು ಅಲ್ಲಿ. ಬೂದಿ, ಅಂಟುವಾಳದ ಜಾಗಕ್ಕೆ ನಿಧಾನವಾಗಿ ಸೋಪು ಬಂತು.

ಇನ್ನು ಸ್ಯಾನಿಟೈಸರ್ ಅಂತೂ 2020ರ ಕೊರೊನಾದಲ್ಲಿ ನಾವೇ ಕಂಡಿದ್ದು. ಆಗ ಎಲ್ಲರೂ ಕೇಳ್ತಿದ್ದ ಪ್ರಶ್ನೆ: ನೂರು ಪರ್ಸೆಂಟ್ ಆಲ್ಕೋಹಾಲ್ ಇನ್ನೂ ಒಳ್ಳೇದಲ್ವಾ? ಅಲ್ಲ. 70ರ ಆಸುಪಾಸು ಇರೋದು ಹೆಚ್ಚು ಕೆಲಸ ಮಾಡುತ್ತೆ. ಸೂಕ್ಷ್ಮಜೀವಿಯ ಪ್ರೋಟೀನ್ ಕೆಡಿಸೋಕೆ ನೀರೂ ಬೇಕು. ಜೊತೆಗೆ ಪೂರಾ ಆಲ್ಕೋಹಾಲ್ ಬೇಗ ಆವಿಯಾಗಿಬಿಡುತ್ತೆ, ಕೆಲಸ ಮುಗಿಸೋಕೆ ಸಮಯ ಸಾಲಲ್ಲ.

ಆದರೆ ಅಂಟು ಕರಗಿಸೋಕೆ ಬೇಕಾಗಿರೋದು ಗಟ್ಟಿ ಆಲ್ಕೋಹಾಲ್! ಅಂದ್ರೆ ಗಾಂಜಾ ಸಾಮಾನಿಗೆ ಒಂದೇ ಬಾಟಲಿಯಲ್ಲಿ ಎರಡೂ ಕೆಲಸ ಸರಿಯಾಗಿ ಆಗಲ್ಲ. ಮೊದಲು ಅಂಟು ಕರಗಬೇಕು, ಸೋಪು ನೀರಲ್ಲಿ ಉಜ್ಜಬೇಕು, ಚೆನ್ನಾಗಿ ಜಾಲಿಸಬೇಕು, ಆಮೇಲೆ ಸ್ಯಾನಿಟೈಸರ್, ಆಮೇಲೆ ಒಣಗಬೇಕು. ಅಂಟಿನ ಮೇಲೇ ಸ್ಯಾನಿಟೈಸರ್ ಸುರಿದರೆ ಅಂಟಿನಡಿ ಕೂತ ಬೂಷ್ಟು ಆರಾಮಾಗಿರುತ್ತೆ. ಕೊಳೆ ತಟ್ಟೆಗೆ ಸ್ಯಾನಿಟೈಸರ್ ಹೊಡೆದ ಹಾಗೆ. ಆಸ್ಪತ್ರೆ, ಹಾಲಿನ ಡೇರಿ, ಔಷಧಿ ಕಾರ್ಖಾನೆ, ಎಲ್ಲಾ ಕಡೆ ಇದೇ ಕ್ರಮ.

(9/10) ಕಾನೂನು ಪಾತ್ರೆ ನೋಡಿದಾಗ
ಕಾನೂನಿಗೂ ಪಾತ್ರೆ ಕಾಣುತ್ತೆ, ಎರಡು ರೀತೀಲಿ.

ಒಂದು ಪೊಲೀಸ್ ಕಣ್ಣು. ಎನ್‌ಡಿಪಿಎಸ್ ಕಾಯ್ದೆಯ 60ನೇ ಕಲಂ ಪ್ರಕಾರ ಅಪರಾಧಕ್ಕೆ ಬಳಸಿದ ಉಪಕರಣ, ಪಾತ್ರೆಗಳನ್ನೂ ಮುಟ್ಟುಗೋಲು ಹಾಕಬಹುದು. ಇದೇ ಕಾಯ್ದೆ ಗಾಂಜಾ ಅಂತ ಹೇಳೋದು ಹೂವು, ಕಾಯಿ ಬಿಟ್ಟ ತುದಿಗಳಿಗೆ. ತುದಿ ಸೇರದ ಬರೀ ಎಲೆ, ಬೀಜ ಆ ವ್ಯಾಖ್ಯೆಯ ಹೊರಗೆ. 2022ರಲ್ಲಿ ಕರ್ನಾಟಕ ಹೈಕೋರ್ಟ್ ಒಂದು ಜಾಮೀನು ಆದೇಶದಲ್ಲಿ ಭಾಂಗ್ ಬಗ್ಗೆ ಇದೇ ಅಂಶ ಎತ್ತಿ ಹೇಳಿತು. ಅದು ಜಾಮೀನಿನ ಆದೇಶ. ಭಾಂಗ್ ಮಾರೋಕೆ ಲೈಸೆನ್ಸ್ ಕೊಟ್ಟ ಹಾಗಲ್ಲ, ವಾಟ್ಸಾಪ್ ಫಾರ್ವರ್ಡ್ ನಂಬಬೇಡಿ.

ಇನ್ನೊಂದು ಔಷಧ ಇಲಾಖೆಯ ಕಣ್ಣು. ಡ್ರಗ್ಸ್ ಅಂಡ್ ಕಾಸ್ಮೆಟಿಕ್ಸ್ ನಿಯಮಗಳ ಇ(1) ಪಟ್ಟಿಯಲ್ಲಿ ವತ್ಸನಾಭ, ದತ್ತೂರದ ಜೊತೆ ಭಂಗಿಯೂ ಇದೆ. ಅಂಥದ್ದು ಸೇರಿದ ಆಯುರ್ವೇದ ಔಷಧಿಯ ಲೇಬಲ್ ಮೇಲೆ ವೈದ್ಯರ ಮೇಲ್ವಿಚಾರಣೆಯಲ್ಲೇ ತಗೋಬೇಕು ಅನ್ನೋ ಎಚ್ಚರಿಕೆ ಇರಬೇಕು. 2000ನೇ ಇಸವಿಯಲ್ಲಿ ಬಂದ ಶೆಡ್ಯೂಲ್ ಟಿ ಪ್ರಕಾರ ಆಯುರ್ವೇದ ಕಾರ್ಖಾನೆಗಳಲ್ಲಿ ಪ್ರತಿ ಯಂತ್ರವನ್ನ ಹೇಗೆ ಸ್ವಚ್ಛ ಮಾಡಬೇಕು ಅನ್ನೋ ಲಿಖಿತ ಕ್ರಮ ಇರಲೇಬೇಕು. ನಾಲ್ಕನೇ ಪೋಸ್ಟಿನ ಆ ಖಲ್ವದ ಪ್ರಶ್ನೆಗೆ ಕಾನೂನಿನ ಉತ್ತರ ಬಂದಿದ್ದು ಹೀಗೆ.

ಹೊರದೇಶದಲ್ಲಿ ಇದು ಇನ್ನೂ ಬಿಗಿ. ಕೆನಡಾ 2018ರ ಅಕ್ಟೋಬರ್ 17ರಿಂದ ಗಾಂಜಾವನ್ನ ಕಾನೂನುಬದ್ಧ ಮಾಡಿತು. ಅಲ್ಲಿನ ನಿಯಮದಲ್ಲಿ ಪ್ರತಿ ಉತ್ಪಾದಕನಿಗೂ ಸ್ವಚ್ಛತಾ ಯೋಜನೆ ಕಡ್ಡಾಯ. ಕ್ಯಾಲಿಫೋರ್ನಿಯಾದಲ್ಲಿ ಅದೇ ವರ್ಷದಿಂದ ಸಾಲ್ಮೊನೆಲ್ಲಾ, ಇ. ಕೋಲಿ ಬ್ಯಾಕ್ಟೀರಿಯಾ, ಆಸ್ಪರ್ಜಿಲಸ್ ಬೂಷ್ಟು ಇದೆಯಾ ಅಂತ ಮಾಲನ್ನ ಪರೀಕ್ಷೆ ಮಾಡಿಸಬೇಕು. ಔಷಧಿ ಅಂತ ತಗೊಳ್ಳೋ ಕ್ಯಾನ್ಸರ್ ರೋಗಿಗೆ ರೋಗನಿರೋಧಕ ಶಕ್ತಿ ಕಡಿಮೆ ಇದ್ದರೆ ಆ ಬೂಷ್ಟು ಶ್ವಾಸಕೋಶಕ್ಕೆ ಹೋಗಿ ಪ್ರಾಣಕ್ಕೇ ಕುತ್ತು. ಅಂದ್ರೆ ಮೆಷಿನ್ ತೊಳೆಯೋದು ಬರೀ ಚೊಕ್ಕಟದ ಮಾತಲ್ಲ.

(10/10) ತೊಳೆಯೋರನ್ನ ಕಾಯೋರು ಯಾರು?
ಇಷ್ಟೆಲ್ಲಾ ನಿಯಮ ಬಂದ ಮೇಲೆ ಕಥೆ ಸುಖಾಂತ ಅಂದ್ಕೊಂಡ್ರಾ? 2022ರ ಜನವರಿಯಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಗಾಂಜಾ ಕಾರ್ಖಾನೆಯ ಒಬ್ಬ ಯುವ ಕಾರ್ಮಿಕೆ ಉಸಿರುಕಟ್ಟಿ ತೀರಿಕೊಂಡಳು. ಪುಡಿ ಮಾಡಿದ ಗಾಂಜಾದ ಧೂಳಿನ ನಡುವೆ ಅವಳ ಕೆಲಸ. ಆ ಧೂಳಿನಿಂದ ಬಂದ ಆಸ್ತಮಾ ಅಂತ ಅಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ 2023ರಲ್ಲಿ ಪ್ರಕಟಿಸಿತು. ಸೇದುವವರು ಬದುಕಿದ್ದರು. ಅರೆದು ತುಂಬುತ್ತಿದ್ದವಳು ಹೋದಳು.

1839ರ ಬರಿಮೈ ಕೂಲಿ, 1894ರ ವರದಿಯ ಪಾದಗಳು, 2022ರ ಈ ಹುಡುಗಿ. ಸಾಮಾನು ಬದಲಾಯ್ತು, ಸೋಪು ಬಂತು, ಸ್ಯಾನಿಟೈಸರ್ ಬಂತು. ಆದರೆ ಸ್ವಚ್ಛತೆಯ ನಿಯಮವೆಲ್ಲಾ ಮೊದಲು ಬರೆದಿದ್ದು ಕೊಳ್ಳುವವರನ್ನ ನೋಡಿ. ಧೂಳು ಹೀರೋ ಫ್ಯಾನು, ಮಾಸ್ಕು, ಗ್ಲೌಸು, ಆಲ್ಕೋಹಾಲ್ ಆವಿಗೆ ಬೆಂಕಿ ತಗುಲದ ಹಾಗೆ ಗಾಳಿಯಾಡೋ ಕೋಣೆ, ಇವೂ ಸ್ವಚ್ಛತೆಯ ಲೆಕ್ಕದಲ್ಲೇ ಬರಬೇಕಲ್ವಾ?

ಇದನ್ನ ದೂರದ ಕಥೆ ಅಂತ ಸ್ಕ್ರೋಲ್ ಮಾಡಬೇಡಿ. ಗುಬ್ಬಿ, ಕುಣಿಗಲ್ ಕಡೆ ಅಡಿಕೆ ಸುಗ್ಗೀಲಿ ಸುಲಿಯೋಕೆ ಹೋಗೋ ಹೆಂಗಸರ ಕೈ ನೋಡಿದ್ದೀರಾ? ಚೊಗರು ಹಿಡಿದು ಕಪ್ಪಾದ ಬೆರಳು, ಎಷ್ಟು ತೊಳೆದರೂ ಹೋಗಲ್ಲ. ಮದುವೆಗೆ ಹೋದಾಗ ಕೈ ಸೆರಗಲ್ಲಿ ಮುಚ್ಚಿಕೊಳ್ತಾರೆ. ನಮ್ಮ ತುಮಕೂರಲ್ಲೇ ಬೀಡಿ ಕಟ್ಟೋ ಮನೆಗಳಲ್ಲಿ ಮೊರದ ತುಂಬಾ ಹೊಗೆಸೊಪ್ಪಿನ ಪುಡಿ, ಅದೇ ಕೋಣೇಲಿ ಒಲೆ, ಅದೇ ಕೋಣೇಲಿ ಮಗು. ಹಂಡೆ ತೊಳೆಯೋದು, ಮೊರ ಒರೆಸೋದು ಅವರೇ. ಅವರ ಕೂಲಿಯಲ್ಲಿ ಸೋಪಿನ ದುಡ್ಡು ಸೇರಿರುತ್ತಾ?

ಒಂದು ಕೆಲಸ ಮಾಡೋಣ. ನಿಮ್ಮ ಮನೇಲೋ ಬೀದೀಲೋ ಇಂಥ ಕೆಲಸ ಮಾಡಿದ ಅಮ್ಮ, ಅಜ್ಜಿ, ಚಿಕ್ಕಮ್ಮ, ಪಕ್ಕದ ಮನೆ ಆಂಟಿ ಇದ್ದರೆ ಎರಡೇ ಪ್ರಶ್ನೆ ಕೇಳಿ. ಕೆಲಸ ಮುಗಿದ ಮೇಲೆ ಕೈಯನ್ನ ಏನು ಹಾಕಿ ತೊಳೀತಿದ್ರಿ? ಅದನ್ನ ಯಾರು ತಂದುಕೊಡ್ತಿದ್ರು? ಅವರ ಹೆಸರು, ಫೋಟೋ ಬೇಡ. ಉತ್ತರ ಮಾತ್ರ ಅವರದೇ ಮಾತಲ್ಲಿ ಕಾಮೆಂಟಿನಲ್ಲಿ ಹಾಕಿ. ನಿಂಬೆಹಣ್ಣೋ, ಹುಣಸೆಯೋ, ಸೀಮೆಎಣ್ಣೆಯೋ, ಬೂದಿಯೋ, ಏನಿದ್ದರೂ ಸರಿ. ಎಲ್ಲಾ ಸೇರಿಸಿ ಮುಂದಿನ ಸರಣಿ ಮಾಡ್ತೀನಿ. ಕಮಿಷನ್ ಕೇಳದೆ ಬಿಟ್ಟಿದ್ದನ್ನ ನಾವಾದರೂ ಕೇಳೋಣ.

#ಉಪ್ಪಾರಹಳ್ಳಿ #ತುಮಕೂರು #ಗುಬ್ಬಿ #ಕುಣಿಗಲ್ #ಕನ್ನಡದಲ್ಲಿಇತಿಹಾಸ #ದುಡಿವಕೈಗಳು